ಬಾಗಿಲಲ್ಲಿ ಸಾಯುವ ಇಂದಾಲೇಸಿಯೊ

ತಬೆರ್ನಾಸಿನ ಬೋಳುಗುಡ್ಡಗಳಿಗೆ ಇನ್ನೂ ಬಿಸಿಲು ತಾಗಿಲ್ಲ. ಸಿನಿಮಾಕ್ಕೆಂದು ಕಟ್ಟಿದ ಸುಳ್ಳು ಊರಿನ ಒಂದೇ ಬೀದಿಯಲ್ಲಿ ಇಂದಾಲೇಸಿಯೊ ಬೆರೆಂಗೆಲ್ ಬಗ್ಗಿ ಮರಳು ಸೋಸುತ್ತಿದ್ದಾರೆ. ಹೆಂಡದಂಗಡಿಯ ಬಾಗಿಲಲ್ಲಿ ಗುಂಡು ತಿಂದು ಬೀಳುವ ಜಾಗದಲ್ಲಿ ಕಲ್ಲು ಇರಬಾರದು. ಎಪ್ಪತ್ತೈದು ದಾಟಿದ ಮೂಳೆ ಅವರದು.

"ಏನ್ ಹೆಣ, ಇವತ್ತೂ ಎದ್ಬಿಟ್ಯಾ?" ಕುದುರೆ ನೋಡಿಕೊಳ್ಳುವ ಪಾಕಿ ಲಾಯದಿಂದ ಕೂಗುತ್ತಾಳೆ.

"ನಿನ್ನ ಕಾಫಿ ಕುಡಿದ್ರೆ ಮತ್ತೆ ಸಾಯ್ತೀನಿ, ತಾ."

ಪ್ರವಾಸಿಗರಿಗಾಗಿ ಮಧ್ಯಾಹ್ನ ಒಂದು ಸಾವು, ಸಂಜೆ ಒಂದು. ಮೊದಲು ಛಾವಣಿಯಿಂದ ಬೀಳುತ್ತಿದ್ದರು, ಸೊಂಟ ಮುರಿದ ಮೇಲೆ ಬಾಗಿಲಿಗೆ ಬಡ್ತಿ.

ಇಟಲಿಯವರು ಅಮೆರಿಕದ ಕಥೆ ತೆಗೆಯಲು ನಮ್ಮ ಬರಡುನೆಲಕ್ಕೆ ಬಂದಾಗ ಇವರಿಗೆ ಹತ್ತೊಂಬತ್ತು. ಹಗ್ಗ ಹೊಸೆಯುವ ಹುಲ್ಲು ಕೊಯ್ಯುತ್ತಿದ್ದ ಕೈಗೆ ಬಂದೂಕು ಬಂತು. ಆಗ ಚಿತ್ರೀಕರಣದಲ್ಲಿ ಧ್ವನಿ ಹಿಡಿಯುತ್ತಿರಲಿಲ್ಲ. ನಾಯಕ ಇಟಲಿಯ ಮಾತಾಡಿದರೆ ಖಳ ಜರ್ಮನಿಯದು ಆಡುತ್ತಿದ್ದ. ನಮ್ಮವರು ತುಟಿ ಅಲ್ಲಾಡಿಸಿದರೆ ಸಾಕು, ಆಮೇಲೆ ಎಲ್ಲೋ ಕೂತು ಯಾರೋ ಧ್ವನಿ ತುಂಬುತ್ತಿದ್ದರು. ಹೆಚ್ಚಿನವರು ಒಂದು ಎರಡು ಎಣಿಸುತ್ತಿದ್ದರು, ಧೈರ್ಯ ಇದ್ದವರು ನಿರ್ದೇಶಕನ ವಂಶ ಜಾಲಾಡುತ್ತಿದ್ದರು.

ಇದರ ಮಜಾ ಪೂರ್ತಿ ಸಿಕ್ಕಿದ್ದು ಅವರ ತಂಗಿ ತ್ರಿನಿಗೆ. ಚಿಕ್ಕಂದಿನ ಜ್ವರದಲ್ಲಿ ಕಿವಿ ಕಳೆದುಕೊಂಡವಳು ತುಟಿ ನೋಡಿ ಮಾತು ಓದುತ್ತಿದ್ದಳು. ಬೇಸಿಗೆಯ ಬಯಲು ಟಾಕೀಸಿನಲ್ಲಿ ಇಡೀ ಕೇರಿ ಸೂರ್ಯಕಾಂತಿ ಬೀಜ ಜಗಿಯುತ್ತ ಅವಳ ಸುತ್ತ ಕೂರುತ್ತಿತ್ತು.

"ಪರದೆ ಮೇಲೆ ಪಾದ್ರಿ ಶಾಪ ಹಾಕ್ತಿದ್ರೆ ಇವಳು ಬಿದ್ದೂ ಬಿದ್ದೂ ನಗ್ತಿದ್ಲು," ಎನ್ನುತ್ತಾರೆ ಇಂದಾಲೇಸಿಯೊ. "ಏನಂತೆ ಅಂದ್ರೆ ಕೈಸನ್ನೇಲಿ ಹೇಳೋಳು: ಊಟಕ್ಕೆ ಇವತ್ತೂ ಹಳಸಿದ ಮೀನೇ ಅಂತ ಬೈತಿದ್ದಾನೆ!"

ತಾಯಿ ಸಾಯುವಾಗ ತ್ರಿನಿಯನ್ನು ಇವರ ಕೈಗೆ ಒಪ್ಪಿಸಿದ್ದಳು. ಅದೇ ವರ್ಷ ಇಟಲಿಯ ಸಾಹಸ ತಂಡ ಇವರನ್ನು ರೋಮಿಗೆ ಕರೆಯಿತು. ತಂಗಿಯನ್ನು ಬಿಟ್ಟು ಹೋಗುವಂತಿರಲಿಲ್ಲ, ಒಲ್ಲೆ ಎಂದರು. ಅದರ ಮರುದಿನವೇ ಜೀವಮಾನದಲ್ಲಿ ಒಂದೇ ಸಲ ಕ್ಯಾಮೆರಾ ಇವರ ಮುಖದ ಹತ್ತಿರ ಬಂತು. ದುಃಖ ಬೇಕು, ಬಾಯಿಗೆ ಬಂದದ್ದು ಹೇಳು ಎಂದರು ನಿರ್ದೇಶಕರು.

"ಬಂದದ್ದನ್ನ ಹೇಳ್ಬಿಟ್ಟೆ. 'ತ್ರಿನಿ, ನೀನಿಲ್ದಿದ್ರೆ ನಾನು ಬದುಕ್ಕೊಳ್ತಿದ್ದೆ. ನನ್ನ ಕೊರಳಿಗೆ ಕಟ್ಟಿದ ಕಲ್ಲು ಕಣೇ ನೀನು.' ನಿರ್ದೇಶಕ ಓಡಿ ಬಂದು ತಬ್ಕೊಂಡ. ಸಂಜೆ ಹೊತ್ತಿಗೆ ನಾನು ಮರೆತೇಬಿಟ್ಟೆ."

ಮರುವರ್ಷ ಆ ಚಿತ್ರ ಊರಿಗೆ ಬಂತು. ಟಾಕೀಸಿನ ಪರದೆ ತುಂಬ ಇವರ ಮುಖ. ಪಕ್ಕದಲ್ಲೇ ತ್ರಿನಿ. "ನಿಮ್ಮಣ್ಣ ಏನಂದ, ಹೇಳೇ!" ಎಂದು ಕೇರಿಯೆಲ್ಲ ಅವಳತ್ತ ತಿರುಗಿತು. ಅವಳು ಕೈ ಎತ್ತಿ ಸನ್ನೆ ಮಾಡಿದಳು: ಏನಿಲ್ಲ, ಎಣಿಸ್ತಿದ್ದಾನೆ. ಒಂದು, ಎರಡು, ಮೂರು. ಎಲ್ಲರೂ ನಕ್ಕರು. ವಾರದೊಳಗೆ ಅವಳು ಬಾರ್ಸಿಲೋನಾದ ಬಟ್ಟೆ ಗಿರಣಿಗೆ ಹೊರಟುಹೋದಳು. ಅಣ್ಣನ ಮಾನ ಉಳಿಸಿ ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ರೋಮಿನ ದಾರಿ ಆಗ ತೆರೆದೇ ಇತ್ತು. ಇವರು ಹೋಗಲಿಲ್ಲ. "ಯಾವ ಮುಖ ಇಟ್ಕೊಂಡು ಹೋಗ್ಲಿ? ಒಂದ್ಸಲ ಅವಳ ಮನೆಗೆ ಹೋದೆ. ಅನ್ನ ಬೇಯಿಸಿ ಬಡಿಸಿದ್ಲು, ನಗ್ತಾನೇ ಇದ್ಲು. ತಪ್ಪಾಯ್ತು ಅನ್ನೋಕೆ ಬಾಯಿ ತೆಗೆದ್ರೆ ಪಾತ್ರೆ ಕಡೆ ತಿರುಗಿಬಿಟ್ಲು. ಅವಳು ಕಣ್ಣು ತಿರುಗಿಸಿದ್ರೆ ಮುಗೀತು, ನಾನು ಮೂಗ. ಕಾಗದ ಬರೆದ್ರೆ ಮಳೆ ಬಿಸಿಲಿನ ಸಮಾಚಾರ ಬರೀತಾಳೆ."

ಮಧ್ಯಾಹ್ನ ಗುಂಡು ಹಾರುತ್ತದೆ. ಇಂದಾಲೇಸಿಯೊ ಬಾಗಿಲ ಚೌಕಟ್ಟು ಹಿಡಿದು ಜಾರುತ್ತಾರೆ, ಟೋಪಿ ತೆಗೆಯುತ್ತಾರೆ, ಫೋನು ಹಿಡಿದು ನಿಂತ ಜನರತ್ತ ಮುಖ ಎತ್ತಿ ಸದ್ದಿಲ್ಲದೆ ಏನೋ ಹೇಳಿ ಬೀಳುತ್ತಾರೆ. ಸಾಯಲು ಇಷ್ಟು ಹೊತ್ತೇ ಎಂದು ಮಾಲೀಕರ ತಕರಾರು. ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ಅವರು ಮರಳು ಕೊಡವಿಕೊಂಡು ಮೆಲ್ಲಗೆ ಏಳುತ್ತಾರೆ.

"'ತಪ್ಪಾಯ್ತು ಕಣೇ, ಮನೆಗೆ ಬಾ.' ಅಷ್ಟೇ. ಈ ಫೋನಲ್ಲಿ ತೆಗೆದದ್ದು ಊರೂರಿಗೆ ಹೋಗತ್ತಂತಲ್ಲ. ಬಾಯಲ್ಲಿ ಅಂದದ್ದನ್ನ ಬಾಯಲ್ಲೇ ವಾಪಸ್ ತಗೋಬೇಕು. ಯಾವತ್ತಾದ್ರೂ ಒಂದು ಅವಳ ಕಣ್ಣಿಗೆ ಬೀಳ್ಲಿ, ಆಮೇಲೆ ನಿಜವಾಗ್ಲೂ ಸಾಯ್ತೀನಿ."