ಕಡ್ಲಿಹಾಳದ ಮೊದಲ ಟಿಕೆಟ್ಟು

ಕಡ್ಲಿಹಾಳದ ವಸ್ತಿ ಬಸ್ಸಿಗೆ ಹೋಗು ಎಂದರೆ ಸಾಕು, ಡಿಪೋದ ಕಂಡಕ್ಟರುಗಳಿಗೆಲ್ಲ ಒಮ್ಮೆಲೇ ಸೊಂಟ ಹಿಡಿಯುತ್ತಿತ್ತು, ಜ್ವರ ಬರುತ್ತಿತ್ತು. ಸಂಜೆ ಹುಬ್ಬಳ್ಳಿ ಬಿಟ್ಟು, ಎಂಟೂವರೆಗೆ ಊರು ಮುಟ್ಟಿ, ಅಲ್ಲೇ ಮಲಗಿ, ಬೆಳಗಿನ ಐದೂ ಮುಕ್ಕಾಲಿಗೆ ಮತ್ತೆ ಹೊರಡುವ ಬಸ್ಸು ಅದು. ಹೆಂಡತಿ ಮಕ್ಕಳಿದ್ದವರು ಯಾರು ಒಪ್ಪುತ್ತಾರೆ? ಬೀರಲಿಂಗಪ್ಪ ಒಪ್ಪಿದ. ಒಪ್ಪಿದ್ದೇನು, ಕೇಳಿಯೇ ಪಡೆದ. ಹೆಂಡತಿ ಶಾರದವ್ವ ತೀರಿಕೊಂಡು ಆಗ ಒಂದು ತಿಂಗಳಾಗಿತ್ತು, ಮಕ್ಕಳಿರಲಿಲ್ಲ. ಹುಬ್ಬಳ್ಳಿಯಲ್ಲಿ ಅವನಿಗೆ ಇದ್ದದ್ದು ಒಂದು ಬಾಡಿಗೆ ಖೋಲಿ, ಅದರಲ್ಲಿ ಒಂದು ಟ್ರಂಕು, ಒಂದು ಸ್ಟೋವು, ಅವಳ ಕುಂಕುಮದ ಗುರುತು ಇನ್ನೂ ಅಂಟಿಕೊಂಡಿದ್ದ ಒಂದು ಕನ್ನಡಿ. ಆ ಖೋಲಿಯಲ್ಲಿ ಮಲಗುವುದು ತಪ್ಪುವುದಾದರೆ ಬಸ್ಸು ಲಂಕೆಗೆ ಹೋಗಲಿ, ಅವನು ಹತ್ತಲು ತಯಾರಿದ್ದ. ಬೇರೆಯವರ ಪಾಳಿಯನ್ನೂ ಬೇಡಿ ತಾನೇ ಮಾಡುತ್ತಿದ್ದ. ಅವರೂ ದೊಡ್ಡ ಉಪಕಾರ ಮಾಡಿದವರಂತೆ ಬಿಟ್ಟುಕೊಡುತ್ತಿದ್ದರು. ಹೀಗೆ ಹನ್ನೊಂದು ವರ್ಷ ಕಳೆಯಿತು.

ಕಡ್ಲಿಹಾಳ ಇರುವುದು ತಿರ್ಲಾಪುರದಿಂದ ನಾಲ್ಕು ಕಿಲೋಮೀಟರ್ ಒಳಗೆ. ರಸ್ತೆ ಅಲ್ಲಿಗೇ ಮುಗಿಯುತ್ತದೆ, ಆಮೇಲೆ ಬರೀ ಎರಿಹೊಲ. ವಸ್ತಿ ಬಸ್ಸಿನ ಇಬ್ಬರಿಗೆ ರಾತ್ರಿ ಊಟ ಹಾಕುವುದು ಆ ಊರಿನ ರೂಢಿ, ಒಂದೊಂದು ದಿನ ಒಂದೊಂದು ಮನೆಯ ಪಾಳಿ. ಡ್ರೈವರ್ ರಮಜಾನ್ ಉಂಡು ಬಸ್ಸಿನ ಹಿಂದಿನ ಸೀಟಿಗೆ ಬಿದ್ದನೆಂದರೆ ಬೆಳಗಿನ ತನಕ ಕೊಡಲಿಯಿಂದ ಕಡಿದರೂ ಏಳುವವನಲ್ಲ. ಬೀರಲಿಂಗಪ್ಪ ಹಾಗಲ್ಲ. ಉಂಡ ತಾಟು ತೊಳೆದಿಟ್ಟ ಮೇಲೂ ಆ ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿರುತ್ತಿದ್ದ. ಒಳಗೆ ಅತ್ತೆ ಸೊಸೆಯನ್ನು ಬೈಯುವುದು, ಕೂಸು ಹಟ ಮಾಡುವುದು, ಯಾರೋ ಕೊಡ ಇಳಿಸುವುದು ಎಲ್ಲ ಕೇಳಿಸುತ್ತಿತ್ತು. ಒಂದು ಸಂಸಾರದ ಸದ್ದನ್ನು ಅಷ್ಟು ಹೊತ್ತು ಕಿವಿಗೆ ತುಂಬಿಕೊಂಡು, ಆಮೇಲೆ ಗುಡಿಯ ಕಟ್ಟೆಗೆ ಹೋಗಿ ಮಲಗುತ್ತಿದ್ದ. ಅದು ಅವನ ಮನೆ ಅಲ್ಲವೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ಬೇಕಾಗಿತ್ತು.

ಪಾಳಿಯ ಮನೆಗಳಲ್ಲಿ ಮೈಲಾರವ್ವನದೂ ಒಂದು. ಗಂಡ ಸತ್ತು ಇಪ್ಪತ್ತು ವರ್ಷವಾದವಳು, ಎರಡು ಎಮ್ಮೆ ಕಟ್ಟಿಕೊಂಡು ಹುಬ್ಬಳ್ಳಿಯ ಓಣಿಗಳಲ್ಲಿ ಮೊಸರು ಮಾರುವವಳು. ಅವಳ ಪಾಳಿಯ ದಿನ ರೊಟ್ಟಿಯ ಜೊತೆ ಪುಂಡಿಪಲ್ಯ, ಬೆಳಿಗ್ಗೆ ದಾರಿಗೆಂದು ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು. "ಅಣ್ಣಾ, ಡಬ್ಬಿ ಮರೀಬ್ಯಾಡ್ರಿ ಮತ್ತ," ಎನ್ನುತ್ತಿದ್ದಳು. ಅವನು ಮರೆಯುತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಎಲ್ಲರಿಗಿಂತ ಮೊದಲು ಬಂದು, ಗಡಿಗೆಯನ್ನು ಕಾಲ ನಡುವೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುವವಳೂ ಅವಳೇ.

ಆ ಹೊತ್ತಿನಲ್ಲಿ ಕಡ್ಲಿಹಾಳದಿಂದ ಹತ್ತುವವರೆಲ್ಲ ಹೆಂಗಸರು. ಮೊಸರಿನವರು, ಸೊಪ್ಪಿನವರು, ದೊಡ್ಡ ಮನೆಗಳಿಗೆ ಕೆಲಸಕ್ಕೆ ಹೋಗುವವರು, ನರ್ಸಿಂಗ್ ಓದುವ ಇಬ್ಬರು ಹುಡುಗಿಯರು, ಎಲ್ಲ ಸೇರಿ ಇಪ್ಪತ್ತೆರಡು ಮಂದಿ. ಗಂಡಸರಿಗೆ ಬೈಕುಗಳಿದ್ದವು. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗುವ ಮೊದಲು ಎಲ್ಲ ಸರಿಯೇ ಇತ್ತು, ಮೈಲಾರವ್ವನ ಕೈಯ ದುಡ್ಡೇ ಬೋಣಿಗೆ. ಪುಕ್ಕಟೆ ಆದ ಮೇಲೆ ಅವರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಒತ್ತಿ ಕೊಡಬೇಕಾಯಿತು. ಅಲ್ಲಿ ಬೀರಲಿಂಗಪ್ಪನ ಹೆಬ್ಬೆರಳು ನಿಂತುಬಿಟ್ಟಿತು. ಶಾರದವ್ವ ಇರುವ ತನಕ ಕಲಘಟಗಿಯ ಸಂತೆಯಲ್ಲಿ ಬಳೆ ಮಾರುತ್ತಿದ್ದಳು. ದಿನದ ಮೊದಲ ದುಡ್ಡನ್ನು ಕಣ್ಣಿಗೊತ್ತಿಕೊಳ್ಳದೆ ಎರಡನೆಯವರಿಗೆ ಬಳೆ ತೊಡಿಸಿದವಳಲ್ಲ. ಬೋಣಿಗೆಗೆ ಸೊನ್ನೆ ಬರೆಯುವುದೆಂದರೆ ಅವಳ ಮಾತನ್ನು ತುಳಿದು ದಾಟಿದ ಹಾಗೆ ಅವನಿಗೆ. ಹಾಗಾಗಿ ಅವನೊಂದು ಉಪಾಯ ಮಾಡಿದ. ಕಡ್ಲಿಹಾಳದಲ್ಲಿ ಯಾರಿಗೂ ಟಿಕೆಟ್ಟು ಕೊಡುತ್ತಿರಲಿಲ್ಲ. ತಿರ್ಲಾಪುರದಲ್ಲಿ ಹೇಮಂತ ಮಾಸ್ತರರು ಹತ್ತಿ ದುಡ್ಡು ಕೊಟ್ಟು ಬೋಣಿಗೆ ಆದ ಮೇಲೆ, ಅಲ್ಲೇ ನಿಂತು ಇಪ್ಪತ್ತೆರಡೂ ಸೊನ್ನೆಗಳನ್ನು ಟಕಟಕ ಒತ್ತುತ್ತಿದ್ದ. ಟಿಕೆಟ್ ಮಷಿನ್ನಿನಲ್ಲಿ ಆ ಹೊತ್ತಿಗೆ ಹತ್ತಿದ ಊರು ತಿರ್ಲಾಪುರ ಆಗಿರುತ್ತಿತ್ತು. ಸಂಜೆಯ ನೂಕುನುಗ್ಗಲಲ್ಲಿ ಎರಡೂ ಊರಿನ ಹೆಂಗಸರಿಗೆ ತಿರ್ಲಾಪುರದ ಟಿಕೆಟ್ಟೇ ಹೋಗುತ್ತಿತ್ತು. ಪುಕ್ಕಟೆ ಚೀಟಿಯಲ್ಲಿ ಯಾವ ಊರಿದ್ದರೇನು ಎಂದುಕೊಂಡಿದ್ದ. ಎರಡೂವರೆ ವರ್ಷ ಹೀಗೇ ನಡೆಯಿತು.

ಆಮೇಲೆ ಯೋಜನೆಯವರು ಬಂದರು. ಹುಬ್ಬಳ್ಳಿ, ಧಾರವಾಡ, ಸುತ್ತಲಿನ ತಾಲೂಕುಗಳನ್ನೆಲ್ಲ ಸೇರಿಸಿ ಎರಡು ಸಾವಿರದ ನಲವತ್ತೇಳರ ತನಕ ಯಾವ ಬಸ್ಸು ಎಲ್ಲಿಗೆ ಓಡಬೇಕು ಎಂಬ ಯೋಜನೆ. ನಲವತ್ತೇಳಕ್ಕೆ ಬೀರಲಿಂಗಪ್ಪನಿಗೆ ಎಂಬತ್ತಾಗುತ್ತದೆ, ಇದ್ದರೆ. ಅಷ್ಟು ದೂರದ್ದನ್ನು ಕಟ್ಟಿಕೊಂಡು ನನಗೇನು ಎಂದು ಅವನು ನಕ್ಕಿದ್ದ. ಹಳ್ಳಿಯ ರೂಟಿನ ಕಂಡಕ್ಟರುಗಳೂ ಬಂದು ನೋಡಿ ಹೇಳಲಿ ಎಂದು ಹುಬ್ಬಳ್ಳಿಯ ಒಂದು ಸಭಾಭವನಕ್ಕೆ ಕರೆದರು. ಗೋಡೆಯ ಮೇಲೆ ಜಮಖಾನದಷ್ಟು ದೊಡ್ಡ ನಕಾಶೆ. ನಡುವೆ ಅವಳಿ ನಗರ, ಅಲ್ಲಿಂದ ನಾಲ್ಕೂ ಕಡೆ ಹಸಿರು ಗೆರೆಗಳು. ಹುಟ್ಟಿದೂರು ಬಮ್ಮಿಗಟ್ಟಿಯನ್ನು ಮೊದಲು ಹುಡುಕಿದ, ಗೆರೆ ಮುಟ್ಟಿತ್ತು. ಆಮೇಲೆ ಕಡ್ಲಿಹಾಳ ಹುಡುಕಿದ. ಗೆರೆ ತಿರ್ಲಾಪುರಕ್ಕೇ ನಿಂತಿತ್ತು.

ನಕಾಶೆಯ ಬಾಜು ನಿಂತಿದ್ದ ಹುಡುಗಿ ನಂದಾ, ಯೋಜನೆ ಬರೆಯುವ ತಂಡದವಳು, ಗುಡಗೇರಿಯವಳು.

"ಮೇಡಂ, ಕಡ್ಲಿಹಾಳ ಮರತೀರಲ್ರಿ."

"ಮರತಿಲ್ಲ ಕಾಕಾ, ತಗದೇವಿ. ಅಲ್ಲಿ ಹತ್ತವರ ಇಲ್ಲ. ದಿನಕ್ಕ ಸೊನ್ನೆ ಪಾಯಿಂಟ್ ಮೂರು ಮಂದಿ. ಅಂದ್ರ ಮೂರು ದಿನಕ್ಕ ಒಬ್ರು."

"ಇಪ್ಪತ್ತೆರಡು ಮಂದಿ ಹತ್ತತಾರ್ರಿ. ನಾನ ಕಂಡಕ್ಟರ್."

ಅವಳು ಟ್ಯಾಬ್ ತೆರೆದು ತೋರಿಸಿದಳು. "ಇದು ನಿಮ್ಮ ಮಷಿನ್ ಒಳಗಿಂದ ಬಂದ ಲೆಕ್ಕ ಕಾಕಾ. ನೋಡ್ರಿ, ತಿರ್ಲಾಪುರದಾಗ ಐದು ಐವತ್ತೇಳಕ್ಕ ಒಮ್ಮೆಲೇ ಇಪ್ಪತ್ತೆರಡು ಹೆಣ್ಮಕ್ಕಳು ಹತ್ಯಾರ. ದಿನಾ ಹಿಂಗ. ಅದಕ್ಕ ತಿರ್ಲಾಪುರಕ್ಕ ಇನ್ನೊಂದು ಬಸ್ ಕೊಡಬೇಕಂತ ಬರದೇವಿ. ಕಡ್ಲಿಹಾಳದ ವಸ್ತಿ ಬರೂ ಏಪ್ರಿಲ್‌ದಾಗ ಬಂದ್ ಆಕ್ಕೈತಿ."

ಬೀರಲಿಂಗಪ್ಪನಿಗೆ ತನ್ನ ಹೆಬ್ಬೆರಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕೇಳಿದ, "ನಾಳಿಂದ ಬರೋಬರಿ ಒತ್ತಿದ್ರ?"

"ಎರಡೂವರೆ ವರ್ಷದ ಲೆಕ್ಕ ಮುಗದೈತ್ರಿ. ಈಗ ಒಮ್ಮೆಲೇ ಮಂದಿ ಬಂದ್ರ, ನಕಾಶಿ ನೋಡಿ ಕಂಡಕ್ಟರ್ ಸೇರಸ್ಯಾನ ಅಂತಾರ. ಯಾಕ ಹಿಂಗಾತು ಅಂತ ಯಾರರ ಬರದು ಸಹಿ ಮಾಡಿ ಕೊಟ್ರ ಅದು ಬ್ಯಾರೆ ಮಾತು. ಇಪ್ಪತ್ತನೇ ತಾರೀಕಿನ ಒಳಗ."

ಇಪ್ಪತ್ತಕ್ಕೆ ನಾಲ್ಕು ದಿನ ಇತ್ತು. ಸೊನ್ನೆ ಟಿಕೆಟ್ಟನ್ನು ಹತ್ತಿದ ಊರಲ್ಲೇ ಕೊಡಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಬರೆದುಕೊಟ್ಟರೆ ತನ್ನ ಕೈಯಾರೆ ತನ್ನ ಮೇಲೆ ವಿಚಾರಣೆ ತಂದುಕೊಂಡ ಹಾಗೆ, ವಸ್ತಿ ಅಂತೂ ಹೋಗಿಯೇ ಹೋಗುತ್ತದೆ. ಬರೆಯದಿದ್ದರೆ ಏಪ್ರಿಲ್ ತನಕ ರೊಟ್ಟಿ, ಕಟ್ಟೆ, ಒಳಗಿನ ಮಾತು ಎಲ್ಲ ಅವನದೇ. ಆಮೇಲೆ ಯಾರ ತಪ್ಪು ಎಂದು ಯಾರಿಗೂ ತಿಳಿಯುವುದಿಲ್ಲ. ಮೊದಲ ಎರಡು ದಿನ ಅವನು ಸುಮ್ಮನಿದ್ದ. ಅವನೇನು ದೊಡ್ಡ ಧರ್ಮರಾಯನಲ್ಲ.

ಮೂರನೆಯ ಬೆಳಿಗ್ಗೆ ಬಸ್ಸಿನಲ್ಲಿ ವಸ್ತಿ ಬಂದ್ ಆಗುವ ಮಾತೇ ನಡೆದಿತ್ತು. ಪಂಚಾಯ್ತಿಯವರು ಅರ್ಜಿ ಒಯ್ದರೆ, ಮಷಿನ್ನಿನ ಲೆಕ್ಕಕ್ಕಿಂತ ನಿಮ್ಮ ಮಾತು ಹೆಚ್ಚೇ ಎಂದು ಯೋಜನೆಯವರು ಕೇಳಿದರಂತೆ. ಮೈಲಾರವ್ವ ಗಡಿಗೆಯ ಬಾಯಿಯ ಬಟ್ಟೆ ಬಿಗಿಮಾಡುತ್ತ ಹೇಳಿದಳು, "ಬಸ್ ಹೋದ್ರ ನಾ ಎಮ್ಮಿ ಮಾರೂದ. ಗಡಗಿ ಹೊತ್ತು ತಿರ್ಲಾಪುರ ತನಕ ನಡಿಯೂ ಕಾಲು ಈಗ ನನಗಿಲ್ಲ. ನೀವರ ಹೇಳ್ರಿ ಅಣ್ಣಾ, ನಾವು ದಿನಾ ಹತ್ತತೇವಿ ಅಂತ. ನಿಮ್ಮ ಕಣ್ಣಾರೆ ನೋಡೀರಲ್ಲ."

"ಹೇಳತೇನಿ," ಎಂದ ಬೀರಲಿಂಗಪ್ಪ. ಅವಳ ಮುಖ ನೋಡಿ ಹೇಳಲಾಗಲಿಲ್ಲ. ಅವತ್ತೂ ಬೋಣಿಗೆ ತಿರ್ಲಾಪುರದಲ್ಲೇ ಆಯಿತು. ಅಷ್ಟೆಲ್ಲ ತಿಳಿದ ಮೇಲೂ ಆ ಹಾಳು ಬೆರಳು ಮುಂದೆ ಹೋಗಲಿಲ್ಲ. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಕೆ ಬಂತು, ಅದಕ್ಕೇ ಬಸ್ಸಿಳಿದವನು ನೆಟ್ಟಗೆ ಡಿಪೋದೊಳಗೆ ಹೋಗಿ ಒಂದು ಹಾಳೆ ಬೇಡಿದ.

ಬೋಣಿಗೆ ಕೆಡಬಾರದೆಂದು ಕಡ್ಲಿಹಾಳದಲ್ಲಿ ಮೊದಲ ಟಿಕೆಟ್ಟು ಹರಿಯಲಿಲ್ಲ ಎಂದು ಬರೆದದ್ದನ್ನು ಓದಿ ಡಿಪೋ ಮ್ಯಾನೇಜರು ಕನ್ನಡಕ ತೆಗೆದರು. "ತಲಿ ನೆಟ್ಟಗ ಐತಿಲ್ಲೋ ಬೀರಲಿಂಗಪ್ಪ? ಎರಡು ವರ್ಷ ತಡಿ, ರಿಟೈರ್ಡ್ ಆಗತಿ. ಹರದು ಒಗಿ ಇದನ್ನ."

"ಇರಲಿ ಬಿಡ್ರಿ ಸಾಹೇಬ್ರ. ಠಸೆ ಹೊಡದು ಕೊಡ್ರಿ."

ಮುಂದಿನದು ಲಗುಬಗೆಯಿಂದಲೇ ಆಯಿತು. ವಿಚಾರಣೆ ನಡೆಯಿತು, ಬೀರಲಿಂಗಪ್ಪನನ್ನು ರೂಟಿನಿಂದ ತೆಗೆದು ಡಿಪೋದಲ್ಲಿ ಟಿಕೆಟ್ ರೋಲು ಹಂಚುವ ಕಿಟಕಿಯ ಹಿಂದೆ ಕೂರಿಸಿದರು. ವಸ್ತಿಗೆ ಫಕೀರೇಶ ಎಂಬ ಹೊಸಬ ಹೋದ. ಬರೆದುಕೊಟ್ಟ ಹಾಳೆಯ ಒಂದು ಪ್ರತಿ ಕಡ್ಲಿಹಾಳದ ಪಂಚಾಯ್ತಿಗೂ ಹೋಯಿತು. ಒಂದು ದಿನ ನಂದಾ ಫೋನು ಮಾಡಿದಳು. "ಕಡ್ಲಿಹಾಳ ಸೇರಸೇವಿ ಕಾಕಾ. ನಲವತ್ತೇಳರ ತನಕ ಗೆರಿ ಐತಿ." ಅವನು, "ಚಲೋ ಆತ್ರಿ," ಎಂದ. ಕಿಟಕಿಯ ಆಚೆ ಯಾರೂ ಇರಲಿಲ್ಲ. ಈ ಸಂತೋಷವನ್ನು ಯಾರಿಗೆ ಹೇಳುವುದು ಎಂದು ಸಂಜೆಯ ತನಕ ಯೋಚಿಸಿ, ಯಾರಿಗೂ ಹೇಳದೆ ಖೋಲಿಗೆ ಹೋದ.

ಊರಿನವರು ಯಾರಾದರೂ ಫೋನು ಮಾಡಿಯಾರು ಎಂದು ಕಾದ. ಬೈಯುವುದಕ್ಕಾದರೂ ಮಾಡಬಹುದಿತ್ತು. ನಾಲ್ಕು ತಿಂಗಳು ಯಾರದೂ ಬರಲಿಲ್ಲ. ಟ್ರಂಕಿನ ಮೇಲೆ ಮೈಲಾರವ್ವನ ಮೊಸರಿನ ಡಬ್ಬಿ ಉಳಿದುಬಿಟ್ಟಿತ್ತು. ಖಾಲಿ ಡಬ್ಬಿಯನ್ನು ವಾರಕ್ಕೊಮ್ಮೆ ಯಾಕೆ ತೊಳೆಯುತ್ತಿದ್ದನೋ ಅವನಿಗೇ ಗೊತ್ತು. ಕಡೆಗೆ ಒಂದು ಶನಿವಾರ ಸಂಜೆ ಅದನ್ನು ಚೀಲದಲ್ಲಿ ಹಾಕಿಕೊಂಡು ವಸ್ತಿ ಬಸ್ಸು ಹತ್ತಿದ.

ರಮಜಾನ್ ಮುಂದಿನ ಸೀಟು ಒರೆಸಿ ಕೊಟ್ಟ, ದಾರಿಯುದ್ದಕ್ಕೂ ಮಾತಾಡಿದ. ಊರಲ್ಲಿ ಇಳಿದ ಮೇಲೆ ಮಾತು ಮುಗಿಯಿತು. ಕಟ್ಟೆಯ ಮೇಲಿದ್ದವರು ನೋಡಿದರು, "ಈಗ ಬಂದ್ರೇನು?" ಎಂದರು, ತಮ್ಮ ಮಾತಿಗೆ ಹೊರಳಿದರು. ಪಾಳಿಯ ಮನೆಯಿಂದ ಎರಡು ತಾಟು ಬಂದವು, ಒಂದು ರಮಜಾನನದು, ಒಂದು ಫಕೀರೇಶನದು. ಮೂರನೆಯವನಿಗೆ ಊಟ ಹಾಕುವ ರೂಢಿ ಇಲ್ಲ. ರಮಜಾನ್ ತನ್ನ ತಾಟು ಮುಂದೆ ಸರಿಸಿದ. "ಹುಬ್ಬಳ್ಳ್ಯಾಗ ಉಂಡ ಬಂದೇನಿ," ಎಂದು ಸುಳ್ಳು ಹೇಳಿ ಬೀರಲಿಂಗಪ್ಪ ಗುಡಿಯ ಕಟ್ಟೆಗೆ ಹೋದ. ಮೈಲಾರವ್ವನ ಬಾಗಿಲಲ್ಲಿ ದೀಪ ಇತ್ತು. ಡಬ್ಬಿ ಹಿಡಿದು ಅಲ್ಲಿಗೆ ಹೋಗಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಎಂದಿನಂತೆ ಅವಳೇ ಮೊದಲು ಬಂದಳು. ಗಡಿಗೆ ಇಳಿಸಿದಳು, ಕೂತಳು. ಫಕೀರೇಶ ಆಕಳಿಸುತ್ತಲೇ ಬಟನ್ ಒತ್ತಿ ಚೀಟಿ ಹರಿದು ಕೊಟ್ಟ. ಅಷ್ಟೇ. ಎರಡೂವರೆ ವರ್ಷ ಆಗದ ಕೆಲಸ ಒಂದು ಆಕಳಿಕೆಯಲ್ಲಿ ಮುಗಿಯಿತು.

ಬೀರಲಿಂಗಪ್ಪ ಡಬ್ಬಿ ಮುಂದೆ ಹಿಡಿದ. "ನಿಮ್ಮ ಡಬ್ಬಿ, ತಂಗಿ."

ಅವಳು ಡಬ್ಬಿ ತೆಗೆದುಕೊಂಡು ಚೀಟಿಯನ್ನು ಅವನ ಕೈಗೆ ಕೊಟ್ಟಳು. "ನನಗ ಓದಾಕ ಬರೂದಿಲ್ಲ. ಯಾವೂರಂತ ಐತಿ ನೋಡ್ರಿ."

"ಕಡ್ಲಿಹಾಳ," ಎಂದು ಓದಿದ.

"ಹೂಂ." ಅವಳು ಚೀಟಿಯನ್ನು ವಾಪಸು ತೆಗೆದುಕೊಂಡು ಮಡಚಿದಳು. ದನಿ ಏರಿಸಲಿಲ್ಲ. "ಪಂಚಾಯ್ತ್ಯಾಗ ನಿಮ್ಮ ಕಾಗದ ಓದಿದ್ರು. ದಿನಾ ಮದಲ ಹತ್ತಾಕಿ ನಾನು. ಗಂಡ ಇಲ್ಲದಾಕಿ. ಅದಕ್ಕ ನನ್ನ ಟಿಕೀಟ್ ಮದಲ ಹರೀಲಿಲ್ಲ ನೀವು."

"ಹಂಗಲ್ಲ ತಂಗಿ. ದೇವರಾಣಿ ಹಂಗಲ್ಲ. ರೊಕ್ಕ ಇಲ್ಲದ ಬೋಣಿಗಿ ಆಗಬಾರದು ಅಂತ, ನನ್ನ ಹೇಣ್ತಿ ಬಳಿ ಮಾರತಿದ್ಲು, ಆಕಿ..."

"ಹನ್ನೊಂದು ವರ್ಷ ನನ್ನ ಕೈಯಾನ ರೊಟ್ಟಿ ನಡೀತು," ಎಂದಳು ಮೈಲಾರವ್ವ. "ಬೋಣಿಗಿ ನಡೀಲಿಲ್ಲ."

ಹೇಳಬೇಕಾದದ್ದು ಇನ್ನೂ ಇತ್ತು. ಪುಕ್ಕಟೆ ಆಗುವ ಮೊದಲು ದಿನಾ ಅವಳ ದುಡ್ಡನ್ನೇ ತಾನು ಬೋಣಿಗೆ ಮಾಡಿಕೊಂಡದ್ದು, ಶಾರದವ್ವ ಬಳೆ ತೊಡಿಸುತ್ತಿದ್ದದ್ದು, ಮೊದಲ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು, ಆ ಒಂದು ರೂಢಿಯನ್ನಾದರೂ ಹಿಡಿದುಕೊಂಡರೆ ಅವಳು ಪೂರ್ತಿ ಹೋದ ಹಾಗಾಗುವುದಿಲ್ಲ ಎಂದು ತಾನು ನಂಬಿದ್ದು. ಈಗ ಹೇಳಿದರೆ ಅದು ನೆಪದಂತೆ ಕೇಳುತ್ತದೆ. ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಯಾರೂ ಕಾಕಾ ಎನ್ನಲಿಲ್ಲ. ಮೈಲಾರವ್ವ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿ, ಕಿಟಕಿಯ ಕಡೆ ತಿರುಗಿದಳು.

"ಟಿಕೀಟ್ ರೀ," ಎಂದ ಫಕೀರೇಶ.

ಬೀರಲಿಂಗಪ್ಪ ನೌಕರರ ಪಾಸು ತೋರಿಸಬಹುದಿತ್ತು, ತೋರಿಸಲಿಲ್ಲ. ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತ. ಬಸ್ಸು ಹೊರಟಿತು. ಅವನು ಕೈಯಲ್ಲಿದ್ದ ಚೀಟಿಯನ್ನು ಓದಿಕೊಂಡ. ಕಡ್ಲಿಹಾಳ ಎಂದಿತ್ತು, ಹುಬ್ಬಳ್ಳಿ ಎಂದಿತ್ತು, ಕೆಳಗೆ ವಯಸ್ಕರು ಒಂದು ಎಂದಿತ್ತು.