ಗೋಡೆಯ ಮೇಲಿನ ನೌಕರ

ತೊಂಬತ್ತನೇ ಇಸವಿಯ ಆಸುಪಾಸಿನಲ್ಲಿ ಹನುಮಾನ್ ಘಾಟಿನ ನಮ್ಮ ಗಲ್ಲಿಯಲ್ಲಿ ಓದಿ ಫಾರ್ಮಸಿಸ್ಟ್ ಆಗಿದ್ದವರು ನಮ್ಮ ಪಕ್ಕದ ಮನೆಯವರೊಬ್ಬರೇ. ಆದರೆ ಔಷಧದಂಗಡಿಯಲ್ಲಿ ದಿನವಿಡೀ ನಿಂತರೆ ಸಿಗುವ ಸಂಬಳಕ್ಕೂ, ಅಂಗಡಿಯ ಲೈಸೆನ್ಸಿಗಾಗಿ ಬರೀ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಲು ಕೊಟ್ಟರೆ ಸಿಗುವ ಬಾಡಿಗೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಾಗಾಗಿ ಸರ್ಟಿಫಿಕೇಟನ್ನು ಕೆಲಸಕ್ಕೆ ಕಳಿಸಿ, ತಾವು ತಲೆ ಬೋಳಿಸಿ ಜುಟ್ಟು ಬಿಟ್ಟು, ಘಾಟಿನ ನದಿ ಮೆಟ್ಟಿಲ ಮೇಲೆ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದರು.

ಸರ್ಟಿಫಿಕೇಟಿನ ಮಾತೆತ್ತಿದರೆ ಸಾಕು, ಪಂಚೆಯ ತುದಿಯಲ್ಲಿ ಕನ್ನಡಕ ಒರೆಸುತ್ತ, "ಅವನಿಗೇನು, ಫ್ಯಾನಿನ ಕೆಳಗಿದ್ದಾನೆ" ಅನ್ನುತ್ತಿದ್ದರು. ಅದು ಅಸ್ಸಿಯ ಸಣ್ಣ ಅಂಗಡಿಯಿಂದ ಗೋದೌಲಿಯಾದ ದೊಡ್ಡ ಅಂಗಡಿಗೆ ಹೋದಾಗ, "ಅವನಿಗೆ ಪ್ರಮೋಷನ್ ಆಯ್ತು" ಎಂದು ಗಲ್ಲಿಗೆಲ್ಲ ಪೇಡಾ ಹಂಚಿದರು.

ಒಮ್ಮೆ ಮಗಳ ಜ್ವರಕ್ಕೆ ಔಷಧ ತರಲು ನಾನು ಆ ಅಂಗಡಿಗೆ ಹೊರಟಾಗ, ಅವನನ್ನು ನೋಡಿ ಬಹಳ ದಿನವಾಯಿತೆಂದು ಅವರೂ ಬಂದರು. ಹೊಸ ಸೇಲ್ಸ್‌ಮನ್ ಕೊಟ್ಟ ಮಾತ್ರೆ ನೋಡಿ ತಡೆದರು.

"ಇದು ದೊಡ್ಡವರದು. ಚೀಟಿಯಲ್ಲಿರೋದು ಮಕ್ಕಳ ಸಿರಪ್."

"ಪಂಡಿತ್‌ಜೀ, ನೀವು ಪಿಂಡ ನೋಡಿಕೊಳ್ಳಿ. ಔಷಧ ನೋಡೋಕೆ ನಮ್ಮ ಫಾರ್ಮಸಿಸ್ಟ್ ಸಾಹೇಬರಿದ್ದಾರೆ" ಎಂದು ಆತ ಹಿಂದಿಯಲ್ಲಿ ಹೇಳಿ, ಗೋಡೆಯ ಚೌಕಟ್ಟಿನಲ್ಲಿ ಸರ್ಟಿಫಿಕೇಟಿನ ಮೇಲಿದ್ದ ಗುಂಗುರು ಕೂದಲಿನ ಯುವಕನನ್ನು ತೋರಿಸಿದ.

ಇವರು ತಮ್ಮ ಹಳೆಯ ಫೋಟೋವನ್ನೊಮ್ಮೆ ನೋಡಿ, ನನ್ನ ತೋಳು ಹಿಡಿದು ಹೊರಟರು. ಹೊರಗೆ ಬಂದದ್ದೇ ನನ್ನ ಕೈಯಿಂದ ಮಾತ್ರೆ ಕಿತ್ತುಕೊಂಡು, ಪಕ್ಕದ ಅಂಗಡಿಯಲ್ಲಿ ತಾವೇ ಸಿರಪ್ ಕೊಂಡು ಕೊಟ್ಟರು.

"ಫೋಟೋದಲ್ಲಿರೋದು ನಾನೇ ಅಂತ ನೀವು ಹೇಳಬಹುದಿತ್ತಲ್ಲ?" ಎಂದೆ.

"ಮೆಲ್ಲಗೆ ಮಾತಾಡಿ" ಎಂದು ಅವರು ಅಂಗಡಿಯತ್ತ ಹಿಂತಿರುಗಿ ನೋಡಿದರು. "ನಾನು ಊರಲ್ಲೇ ಇದ್ದೀನಿ ಅಂತ ಗೊತ್ತಾದ್ರೆ ದಿನಾ ನನ್ನನ್ನೇ ಬಂದು ನಿಲ್ಲು ಅಂತಾರೆ, ಅವನ ನೌಕರಿ ಹೋಗುತ್ತೆ."