ಓಬಳೇಶ ಬಂದರೆ ವಾರ್ಡು ಖಾಲಿ

ಚಳ್ಳಕೆರೆಯ ಆ ಖಾಸಗಿ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಬಂದರೆ ಜನ ಮಂಚದ ಪಕ್ಕದಿಂದ ಒಂಚೂರು ಸರಿಯುತ್ತಾರೆ, ಅಷ್ಟೇ. ಎಕ್ಸ್‌ರೇ ಓಬಳೇಶ ಬಂದನೆಂದರೆ ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ. ನಡೆಯಲಾಗದ ರೋಗಿಯ ಹಾಸಿಗೆಯ ಬಳಿಗೇ ತಳ್ಳಿಕೊಂಡು ಹೋಗಿ ಚಿತ್ರ ತೆಗೆಯುವ ಗಾಲಿ ಯಂತ್ರ ಅವನದು. ಅದರ ಚಕ್ರ ಕಿರುಗುಟ್ಟುವ ಸದ್ದು ಕೇಳಿ, ಅರ್ಧ ಕಚ್ಚಿದ ಇಡ್ಲಿ ಹಿಡಿದುಕೊಂಡೇ ಹೊರಬಿದ್ದವರಿದ್ದಾರೆ.

ಪಾಪ, ಓಬಳೇಶನೇನು ಹುಲಿಯೇ, ಕರಡಿಯೇ? ಮೊಳಕಾಲ್ಮೂರಿನ ನೇಕಾರರ ಮನೆಯ ಮಗ, ಐದಡಿಯ ಆಸಾಮಿ. ಅಪ್ಪ ರಂಗಯ್ಯನ ಮಗ್ಗದಲ್ಲಿ ಕೂತರೆ ಹತ್ತು ನಿಮಿಷಕ್ಕೆ ಹತ್ತು ಎಳೆ ಹರಿಯುತ್ತಿದ್ದ. ಇವನಿಗೆ ಮುಟ್ಟದೆ ಮಾಡುವ ಕೆಲಸವೇ ಸರಿ ಎಂದು ಅಪ್ಪನೇ ಕೈಮುಗಿದು ಎಕ್ಸ್‌ರೇ ಡಿಪ್ಲೊಮಾಕ್ಕೆ ಕಳಿಸಿದ. ಮನೆಯಲ್ಲಿ ತೆಲುಗು, ವಾರ್ಡಿನಲ್ಲಿ ಕನ್ನಡ. ರೋಗಿ ಗಡಿಯಾಚೆಯವರಾದರೆ ‘ಊಪಿರಿ ಪಟ್ಟಂಡಿ’ ಎಂದು ಉಸಿರು ಹಿಡಿಸುತ್ತಾನೆ. ಕಿರಣ ತಾಗದಿರಲು ಎರಡು ಮೀಟರ್ ದೂರ ನಿಂತರೆ ಸಾಕು ಎಂದು ಹತ್ತು ವರ್ಷದಿಂದ ಹೇಳಿ ಹೇಳಿ ಅವನ ಬಾಯಿ ಒಣಗಿದೆ. ಕೇಳುವವರು ಯಾರು? ಹೋಟೆಲಿನಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಕೂರಲಿಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಮೇಲೆ ನಕ್ಕರೂ ಅವನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಹೋದ ಶ್ರಾವಣದಲ್ಲಿ ಶೇಂಗಾ ಎಣ್ಣೆ ಮಿಲ್ಲಿನ ಕೊಟ್ಟೂರಪ್ಪನವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬಂದರು. ಎಪ್ಪತ್ತೆರಡು ವಯಸ್ಸು, ಮಿಲ್ಲಿನ ಗದ್ದಲವನ್ನೂ ಮೀರಿಸುವ ಗಂಟಲು. ಮಾತಾಡಿಸಲು ಬಂದ ನೆಂಟರು ಮಂಚದ ಸುತ್ತ ಠಿಕಾಣಿ ಹೂಡಿದರು. ಒಬ್ಬೊಬ್ಬರ ಕೈಯಲ್ಲೂ ಬಾಳೆಹಣ್ಣು, ಬಾಯಲ್ಲಿ ಇದೇ ಮೂಳೆ ಮುರಿದು ಹೋಗೇಬಿಟ್ಟ ಯಾರದೋ ಕತೆ. ಹೆಂಡತಿ ಕಮಲಾಕ್ಷಮ್ಮ ಆ ಗುಂಪಿಗೆಲ್ಲ ಕಾಫಿ ಬಗ್ಗಿಸುತ್ತ ಬಾಗಿಲ ಮೂಲೆಯಲ್ಲೇ ಉಳಿದರು.

ಆಪರೇಷನ್ ತಡವಾದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮುದುಕರು ಮಾತ್ರ ಒಪ್ಪಿಗೆ ಕಾಗದಕ್ಕೆ ರುಜು ಹಾಕಲು ಒಲ್ಲೆ ಎಂದು ಕೂತರು. ಯಾಕೆಂದು ಕೇಳಿದರೆ ಹೊದಿಕೆ ಎಳೆದುಕೊಂಡರು. ಮಗ ಶಶಿಕಾಂತ್ ಬೇಡಿದ, ಗದರಿದ, ತಲೆ ಚಚ್ಚಿಕೊಂಡ.

ಮೂರನೆಯ ದಿನ ಓಬಳೇಶ ಯಂತ್ರ ತಳ್ಳಿಕೊಂಡು ಹೋದ. ಶಶಿಕಾಂತ್ ಕುದಾಪುರದ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳ ಕ್ಯಾಂಟೀನಿಗೆ ತರಕಾರಿ ಹಾಕುವವನು, ಆದ್ದರಿಂದ ತಾನೂ ಅರ್ಧ ವಿಜ್ಞಾನಿ ಎಂದು ನಂಬಿದವನು. ಎರಡು ಮೀಟರ್ ಎಲ್ಲಿಗೆ ಸಾಲುತ್ತದೆ ಎಂದು ಎಲ್ಲರನ್ನೂ ಗೇಟಿನಾಚೆಗೆ ಹೊಡೆದುಕೊಂಡು ಹೋದ. ಕೋಣೆ ಗಪ್‌ಚುಪ್ಪಾಯಿತು. ಕೊಟ್ಟೂರಪ್ಪನವರು ಕಣ್ಣು ಮುಚ್ಚಿ, ಆಹಾ ಎಂದು ಉಸಿರುಬಿಟ್ಟರು. ಚಿತ್ರ ತೆಗೆದಾದ ಮೇಲೆ ಓಬಳೇಶನ ತೋಳು ಹಿಡಿದು, ನಾಳೆ ಇನ್ನೊಂದು ಸಲ ಹೊಡಿ ಎಂದರು.

“ಲೇ, ಬಿದ್ದಾಗಿನಿಂದ ನನ್ ಹೆಂಡ್ತಿ ಕೂಡೆ ಒಂದ್ ಮಾತು ಆಡಾಕೆ ಆಗಿಲ್ಲ. ನಾಳೆ ಎಲ್ರೂ ಓಡಿದಾಗ ಅವಳ್ನ ಒಳಗೇ ಉಳಿಸ್ಕೊ. ಆ ಮಾತು ಆಡ್ದೆ ನಾನು ರುಜು ಹಾಕಲ್ಲ.”

ಡಾಕ್ಟರ ಚೀಟಿ ಇಲ್ಲದೆ ಒಂದು ಕಿರಣವನ್ನೂ ಬಿಡುವುದಿಲ್ಲ ಎಂದು ಓಬಳೇಶ ನಿಯಮ ಹೇಳಿಬಂದ. ಬಂದವನಿಗೆ ಊಟ ರುಚಿಸಲಿಲ್ಲ. ಇಷ್ಟು ಸಣ್ಣ ಆಸೆಗೆ ಇಲ್ಲವೆಂದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ದೇವರು ದೊಡ್ಡವನು, ಮುದುಕರಿಗೆ ಕೆಮ್ಮು ಹತ್ತಿತು. ಮರುದಿನ ಬೆಳಿಗ್ಗೆ ಎದೆಯ ಚಿತ್ರ ಬೇಕೆಂದು ಚೀಟಿ ಬಂದಿತು. ಓಬಳೇಶ ಯಂತ್ರವನ್ನು ಬೇಕೆಂದೇ ಗೋಡೆಗೆ ತಾಗಿಸಿ ಸದ್ದು ಮಾಡುತ್ತ ನುಗ್ಗಿದ. ಎಲ್ಲರಿಗಿಂತ ಮೊದಲು ಓಡಿದವರು ಯಾರೆಂದರೆ ಕಮಲಾಕ್ಷಮ್ಮ. ಅವನು ಬೆನ್ನತ್ತಿ ತಡೆದು, ರೋಗಿಯನ್ನು ತುಸು ಎತ್ತಿ ಒರಗಿಸಿ ಹಿಡಿಯಲು ಮನೆಯವರೊಬ್ಬರು ಬೇಕು, ವಯಸ್ಸಾದವರೇ ಆಗಬೇಕು ಎಂದ. ಅದು ನಿಜವೂ ಹೌದು. ಉಳಿದವರು ತಮ್ಮ ಯೌವನವನ್ನು ನೆನೆದು ಗೇಟು ಸೇರಿದರು. ಓಬಳೇಶ ಬಾಗಿಲ ಅಗುಳಿ ಹಾಕಿ, ಕಮಲಾಕ್ಷಮ್ಮನವರಿಗೆ ಕಿರಣ ತಡೆಯುವ ಸೀಸದ ಏಪ್ರನ್ ತೊಡಿಸಿದ. ಇದೇನಪ್ಪ, ಹೊಲಕ್ಕೆ ಹೊರಟ ಗೊಬ್ಬರದ ಚೀಲದ ಹಾಗಾದೆನಲ್ಲ ಎಂದು ಆಕೆ ಗೊಣಗಿದರು.

ಚಿತ್ರ ಅರೆಕ್ಷಣದಲ್ಲಿ ಬಂತು. ಓಬಳೇಶ ಯಂತ್ರದ ಕೀಲಿ ತಿರುಗಿಸಿ ಆರಿಸಿದ, ಕಿರಣದ ಕತೆ ಅಲ್ಲಿಗೆ ಮುಗಿಯಿತು. ಬಾಗಿಲು ಮಾತ್ರ ತೆಗೆಯಲಿಲ್ಲ. ಯಂತ್ರವನ್ನು ಬಿಟ್ಟು ಹೋಗುವ ಹಾಗಿಲ್ಲ, ಅದಕ್ಕೆ ಗೋಡೆಗೆ ಮುಖಮಾಡಿ ನಿಂತ.

ಅವನ ಬೆನ್ನ ಹಿಂದೆ ಕೊಟ್ಟೂರಪ್ಪನವರು ಗಂಟಲು ಸರಿಮಾಡಿಕೊಂಡರು. ಬೀರುವಿನ ಕೀಲಿ ಎಲ್ಲಿದೆ ಎಂದು ಕೇಳಿದರು. ಎಮ್ಮೆಗೆ ಹಿಂಡಿ ಹಾಕಿದರಾ ಎಂದರು. ಮಿಲ್ಲಿನ ಮೋಟಾರು ಎಂದರು. ಇದಕ್ಕಾಗಿ ನಾನು ಗೋಡೆ ನೋಡುತ್ತ ನಿಂತೆನಾ ಎಂದು ಓಬಳೇಶನಿಗೆ ರೇಗಿತು. ಆಮೇಲೆ, ಯಾರೂ ಎಂದೂ ಕೇಳಿರದಷ್ಟು ಮೆಲ್ಲಗೆ ಬಂತು ಆ ದನಿ.

“ಕಮಲಾ, ನಂಗೆ ಭಯ ಆಗೈತೆ.”

“ಗೊತ್ತೈತೆ,” ಎಂದರು ಕಮಲಾಕ್ಷಮ್ಮ. “ತಾಳಿ ಕಟ್ಟೋವಾಗ್ಲೂ ನಿಮ್ ಕೈ ಹಿಂಗೇ ನಡುಗ್ತಿತ್ತು. ನಾನು ಯಾರ್ಗೂ ಹೇಳಿಲ್ಲ.”

ಓಬಳೇಶನಿಗೆ ಗೋಡೆಯ ಬಣ್ಣವೆಲ್ಲ ಮಂಜಾಯಿತು. ಕಾಗದ ಸರಸರ ಎಂದಾಗ ಓರೆಗಣ್ಣಲ್ಲಿ ನೋಡಿದ. ಕಮಲಾಕ್ಷಮ್ಮ ಒಪ್ಪಿಗೆ ಕಾಗದವನ್ನು ತಮ್ಮ ಏಪ್ರನ್ನಿನ ಮೇಲೇ ಒತ್ತಿ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಗಂಡನ ಮಣಿಕಟ್ಟು. ರುಜು ಸೊಟ್ಟಗಾದರೂ ಬಿತ್ತು.

ಅಷ್ಟರಲ್ಲಿ ಹೊರಗಿನಿಂದ ಶಶಿಕಾಂತ್ ಬಾಗಿಲು ಬಡಿಯತೊಡಗಿದ. ಇಷ್ಟು ಹೊತ್ತು ಕಿರಣ ಬಿಟ್ಟರೆ ಅಪ್ಪ ಏನಾಗಬೇಕು ಎಂದು ಅರಚಿದ. ಓಬಳೇಶ ಅಗುಳಿಗೆ ಕೈಹಾಕಿದ. ಹಿಂದಿನಿಂದ ಕಮಲಾಕ್ಷಮ್ಮನವರ ದನಿ ಎದ್ದಿತು, ಗಂಡನ ಗಂಟಲೇ ಆಕೆಗೆ ಬಂದ ಹಾಗೆ.

“ಕಿರಣ ಇನ್ನೂ ಹೋಗಿಲ್ಲ. ಯಾರೂ ಒಳಗೆ ಬರಬ್ಯಾಡ್ರಿ.”

ಓಬಳೇಶ ಅಗುಳಿ ಬಿಟ್ಟು ಮತ್ತೆ ಗೋಡೆಗೆ ಮುಖಮಾಡಿ ನಿಂತ.